ಅದಿತಿ ಅಶೋಕ್ ಆಟದಲ್ಲಿ ನಾವು ಕಲಿಯಬೇಕಾದದ್ದು

ಎಲ್ಲರಿಗೂ ನಮಸ್ಕಾರ.

2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್ ನಿಮಗೆಲ್ಲ ನೆನಪಿದೆ. ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ಸುತ್ತುಗಳನ್ನು 67, 66, 68, 68ಕ್ಕೆ ಮುಗಿಸಿ, ಪಾರ್‌ಗಿಂತ (ಅಂಕಣಕ್ಕೆ ನಿಗದಿಯಾದ ಹೊಡೆತಗಳ ಲೆಕ್ಕಕ್ಕಿಂತ) 15 ಕಡಿಮೆ ಹೊಡೆತಗಳಲ್ಲಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ. ಟೀಯಿಂದ, ಅಂದರೆ ಪ್ರತಿ ಕುಳಿಯ ಆಟ ಶುರುವಾಗುವ ಜಾಗದಿಂದ, ಹೊಡೆಯುವ ದೂರದಲ್ಲಿ ಅವರು ಕಣದ ತೀರಾ ಹಿಂದಿನ ಸಾಲಿನಲ್ಲಿದ್ದರು. ಆ ಕೊರತೆಯನ್ನೆಲ್ಲ ತುಂಬಿಕೊಟ್ಟದ್ದು ಪಟ್ಟರ್, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲು.

ಹವ್ಯಾಸಿ ಆಟಗಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಚಾಂಪಿಯನ್ನರ ಸ್ವಿಂಗ್ ಬಾಲ್ಯದಿಂದ ಮೈಗೂಡಿದ್ದು. ಅದನ್ನು ನಲವತ್ತರ ವಯಸ್ಸಿನಲ್ಲಿ ನಕಲು ಮಾಡಲು ಹೋದರೆ ಬೆನ್ನು ನೋವಷ್ಟೇ ಉಳಿಯುತ್ತದೆ. ಪಟ್‌ನ (ಪಟ್ಟರಿನಿಂದ ಉರುಳಿಸುವ ಹೊಡೆತದ) ವೇಗ, ಗುರಿಯ ಆಯ್ಕೆ, ಕ್ಲಬ್ಬಿನ (ಹೊಡೆಯುವ ಕೋಲಿನ) ಆಯ್ಕೆ ಮಾತ್ರ ಯಾರಿಗಾದರೂ ದಕ್ಕುತ್ತವೆ.

ಮೊದಲು ವೇಗ. 30 ಅಡಿಯ ಪಟ್ ತಪ್ಪಿದಾಗ ಚೆಂಡು ಸಾಮಾನ್ಯವಾಗಿ ಎಡಕ್ಕೋ ಬಲಕ್ಕೋ ಒಂದೆರಡು ಅಡಿ ಸರಿದಿರುತ್ತದೆ. ಉದ್ದದಲ್ಲಿ ಮಾತ್ರ ಐದಾರು ಅಡಿ ಹೆಚ್ಚುಕಡಿಮೆಯಾಗಿರುತ್ತದೆ. ಮೂರು ಪಟ್ ಆಗುವುದು ಅಲ್ಲಿಂದಲೇ. ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್ ಆಟಗಾರರೇ 8 ಅಡಿಯ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕುಳಿಗೆ ಹಾಕುತ್ತಾರೆ. ಆದ್ದರಿಂದ ದೂರದ ಪಟ್‌ನಲ್ಲಿ ಮೊದಲ ಕೆಲಸ ಚೆಂಡನ್ನು 3 ಅಡಿಯೊಳಗೆ ತಂದು ನಿಲ್ಲಿಸುವುದು. ಕುಳಿಯ ಅಗಲ 4.25 ಇಂಚು. ಜೋರಾಗಿ ಬಂದ ಚೆಂಡು ನಟ್ಟನಡುವೆ ಹೋದರಷ್ಟೇ ಬೀಳುತ್ತದೆ. ಮೆತ್ತಗೆ ಬಂದದ್ದು ಅಂಚಿನಿಂದಲೂ ಒಳಗೆ ಜಾರುತ್ತದೆ. ಹತ್ತಿರದ ಪಟ್ ತಪ್ಪಿದರೆ ಒಂದು, ಒಂದೂವರೆ ಅಡಿ ಮುಂದೆ ನಿಲ್ಲುವಷ್ಟು ವೇಗ ಸಾಕು.

ಹೆಚ್ಚಿನವರ ತಪ್ಪು ಒಂದೇ ಬಗೆಯದು. ಪಟ್ಟರನ್ನು ಬಹಳ ಹಿಂದಕ್ಕೆ ಒಯ್ಯುತ್ತಾರೆ, ಜಾಸ್ತಿಯಾಯಿತೆಂದು ಹೆದರಿ ಚೆಂಡಿಗೆ ತಾಗುವ ಮುನ್ನ ಕೈ ನಿಧಾನಿಸುತ್ತಾರೆ. ಮಣಿಕಟ್ಟು ಬಾಗುತ್ತದೆ, ಪಟ್ಟರಿನ ಮುಖ ತಿರುಗುತ್ತದೆ, ಚೆಂಡು ಮುಖದ ನಡುವಿಗೆ ತಾಗದೆ ಗಿಡ್ಡವಾಗುತ್ತದೆ. ಭುಜಗಳಿಂದ ತೂಗಿ, ಹಿಂದಕ್ಕೆ ಹೋದಷ್ಟೇ ಮುಂದಕ್ಕೂ ಹೋಗಲಿ. ಲಯ ಎಲ್ಲ ಪಟ್‌ಗಳಿಗೂ ಒಂದೇ ಇರಲಿ, ದೂರಕ್ಕೆ ತಕ್ಕಂತೆ ತೂಗಿನ ಉದ್ದ ಬದಲಾಗಲಿ.

ಅಭ್ಯಾಸಕ್ಕೆ 10, 20, 30, 40 ಅಡಿಗಳಲ್ಲಿ ಟೀ (ಚೆಂಡು ಇಡುವ ಪುಟ್ಟ ಗೂಟ) ಚುಚ್ಚಿ. ಮೊದಲು ಒಂದೊಂದು ದೂರಕ್ಕೆ ಮೂರು ಚೆಂಡು, ಆಮೇಲೆ ಒಂದೇ ದೂರವನ್ನು ಸತತ ಎರಡು ಸಲ ಆಡಬೇಡಿ. ಪಂದ್ಯದಲ್ಲಿ ಎರಡನೇ ಚೆಂಡು ಯಾರೂ ಕೊಡುವುದಿಲ್ಲ.

ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಪಟ್ಟರಿನ ಮುಖ. ಅದು 1 ಡಿಗ್ರಿ ತಿರುಗಿದರೆ 10 ಅಡಿ ದೂರದಲ್ಲಿ ಚೆಂಡು 2 ಇಂಚು ಸರಿಯುತ್ತದೆ, ಅಂದರೆ ಕುಳಿಯ ನಡುವಿನಿಂದ ಅಂಚಿಗೆ. ಚೆಂಡಿನಿಂದ ಒಂದಡಿ ಮುಂದೆ ಎರಡೂವರೆ ಇಂಚು ಅಂತರದಲ್ಲಿ ಎರಡು ಟೀ ನೆಟ್ಟು ಅವುಗಳ ನಡುವೆ ಚೆಂಡು ಉರುಳಿಸಿದರೆ ದೋಷ ತಕ್ಷಣ ಗೊತ್ತಾಗುತ್ತದೆ. ಬರ್ಮುಡಾ ಹುಲ್ಲಿನ ಗ್ರೀನ್ ಆದರೆ ಹುಲ್ಲು ಮಲಗಿದ ದಿಕ್ಕನ್ನೂ ನೋಡಿ: ಹೊಳೆಯುವಂತೆ ಕಂಡರೆ ಚೆಂಡು ಬೇಗ ಓಡುತ್ತದೆ, ಮಂಕಾಗಿ ಕಡುಹಸಿರಾಗಿ ಕಂಡರೆ ತಡೆಯುತ್ತದೆ.

ಗುರಿ ಹಿಡಿಯುವ ವಿಷಯದಲ್ಲಿ 18 ಮೇಜರ್ (ಗಾಲ್ಫ್‌ನ ಅತಿದೊಡ್ಡ ಟೂರ್ನಿಗಳು) ಗೆದ್ದ ಜ್ಯಾಕ್ ನಿಕ್ಲಾಸ್ ಅವರ ಪದ್ಧತಿಯೇ ನನ್ನ ಮಟ್ಟಿಗೆ ಶ್ರೇಷ್ಠ. ಚೆಂಡಿನ ಹಿಂದೆ ನಿಂತು, ಗುರಿಯ ಗೆರೆಯ ಮೇಲೆ ಚೆಂಡಿಗೆ ಹತ್ತಿರವಾಗಿಯೇ ಒಂದು ಗುರುತು ಆರಿಸಿಕೊಳ್ಳಿ, ಒಣ ಎಲೆಯೋ ಹುಲ್ಲಿನ ಕಲೆಯೋ ಸಾಕು. ಮೊದಲು ಕ್ಲಬ್ಬಿನ ಮುಖವನ್ನು ಅದಕ್ಕೆ ಇಡಿ, ಪಾದ ಆಮೇಲೆ. ಬಲಗೈ ಆಟಗಾರರು ಮೊದಲು ಪಾದ ಊರಿದರೆ ಮೈ ಗುರಿಯ ಬಲಕ್ಕೆ ತಿರುಗಿರುತ್ತದೆ. ಅದನ್ನು ಸರಿದೂಗಿಸಲು ಭುಜ ಹೊರಗಿನಿಂದ ಒಳಕ್ಕೆ ಎಳೆಯುತ್ತದೆ.

ದೂರ ಕಡಿಮೆ ಇರುವವರಿಗೆ ಎರಡನೇ ಹೊಡೆತ 170, 180 ಗಜ ಉಳಿಯುತ್ತದೆ. ಅಲ್ಲಿ ಉದ್ದನೆಯ ಐರನ್ನಿನ (ತೆಳು ಲೋಹದ ತಲೆಯ ಕ್ಲಬ್ಬಿನ) ಹಟ ಬಿಡಿ, ದಪ್ಪ ತಲೆಯ ಹೈಬ್ರಿಡ್ ಕ್ಲಬ್ ಹಿಡಿಯಿರಿ. ಹೈಬ್ರಿಡ್‌ನ ಭಾರ ತಳದಲ್ಲಿ, ಮುಖದ ಹಿಂದೆ ಇರುವುದರಿಂದ ಚೆಂಡು ಸುಲಭವಾಗಿ ಏಳುತ್ತದೆ, ಗ್ರೀನ್ ಮೇಲೆ ಬೇಗ ನಿಲ್ಲುತ್ತದೆ. ಕುಳಿಯ ಬಾವುಟ ಬಂಕರ್ (ಮರಳುಗುಂಡಿ) ಪಕ್ಕದಲ್ಲಿದ್ದರೆ ಗ್ರೀನಿನ ನಡುವಿಗೆ ಆಡಿ. ತನ್ನ ಅತ್ಯುತ್ತಮ ಹೊಡೆತದ ದೂರವನ್ನು ನಂಬಿ ಕ್ಲಬ್ ಆರಿಸುವುದೇ ಹವ್ಯಾಸಿಗಳು ಗಿಡ್ಡವಾಗಿ ಬೀಳಲು ಮುಖ್ಯ ಕಾರಣ. ಹತ್ತರಲ್ಲಿ ಏಳು ಸಲ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಬೆಂಗಳೂರಿನವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ 150 ಗಜ ಹೋಗುವ ಚೆಂಡು ಮಂಗಳೂರಿನಲ್ಲೋ ಚೆನ್ನೈನಲ್ಲೋ ನಾಲ್ಕೈದು ಗಜ ಹಿಂದೆಯೇ ಬೀಳುತ್ತದೆ. ಎದುರುಗಾಳಿಯೂ ಸೇರಿದರೆ ಅರ್ಧ ಕ್ಲಬ್ಬಲ್ಲ, ಪೂರ್ತಿ ಒಂದು ಕ್ಲಬ್ ಹೆಚ್ಚಿಗೆ, ಅಂದರೆ ಇನ್ನೂ ದೂರ ಹೊಡೆಯುವ ಮುಂದಿನ ಕ್ಲಬ್, ತೆಗೆದುಕೊಳ್ಳಿ.