ದ್ವೀಪ ಬಿಟ್ಟು ಹೊರಡೋ ಹೊತ್ತು

ನಮಸ್ಕಾರ ಕೇಳುಗರೇ. ಇವತ್ತು ನಿಮ್ಮನ್ನ ಒಂದು ದೊಡ್ಡ ಹಡಗಿನ ಮೇಲ್ಗಡೆ ಡೆಕ್‌ಗೆ ಕರ್ಕೊಂಡು ಹೋಗ್ತೀನಿ. ಕುರ್ಚಿ ಗಿರ್ಚಿ ಕೇಳ್ಬೇಡಿ, ಕಂಬಿ ಹಿಡ್ಕೊಂಡು ನಿಂತ್ಕೋಬೇಕು, ಒಂದೂವರೆ ಗಂಟೆ ಅಷ್ಟೇ.

ಕ್ರೂಸ್‌ಗೆ ಹೋಗಿ ಬಂದೋರನ್ನ ಏನೇನ್ ನೋಡಿದ್ರಿ ಅಂತ ಕೇಳಿ, ಬೀಚು, ಈಜುಕೊಳ, ರಾತ್ರಿ ಡ್ಯಾನ್ಸು, ಊಟದಲ್ಲಿ ಎಷ್ಟು ಬಗೆ ಇತ್ತು ಅಂತ ಎಲ್ಲಾ ಹೇಳ್ತಾರೆ. ಹಡಗು ಬಂದರು ಬಿಡೋವಾಗ ಹೆಂಗಿತ್ತು ಅಂತ ಕೇಳಿ ನೋಡಿ, ಮುಖ ಮುಖ ನೋಡ್ಕೋತಾರೆ. ಅಯ್ಯೋ ಆವಾಗ ನಾವು ರೂಮಲ್ಲಿದ್ವಿ, ಸ್ನಾನ ಮಾಡ್ತಿದ್ವಿ ಅಂತಾರೆ. ನಾನೂ ಮೊದಲನೇ ಸಲ ಮಾಡಿದ್ದು ಅದನ್ನೇ. ದಿನವೆಲ್ಲಾ ದ್ವೀಪ ಸುತ್ತಿ, ಕಾಲು ಬಿದ್ದೋಗಿ, ಬಂದು ಮಲ್ಕೊಂಡೆ, ಎದ್ದಾಗ ಕಿಟಕೀಲಿ ಬರೀ ನೀರು. ಎಂಟು ಗಂಟೆ ಓಡಾಡಿದ್ದೀನಿ, ಆದ್ರೆ ಆ ದ್ವೀಪದ ಆಕಾರ ಹೆಂಗಿದೆ ಅಂತ ಯಾರಾದ್ರೂ ಕೇಳಿದ್ರೆ ಹೇಳಕ್ಕೆ ಬರಲ್ಲ. ಒಳಗೇ ಇದ್ದೋರಿಗೆ ಮನೆ ಮುಂಭಾಗ ಎಲ್ಲಿ ಕಾಣುತ್ತೆ ಹೇಳಿ.

ಎರಡನೇ ಸಲ ಹಾಗೆ ಮಾಡ್ಲಿಲ್ಲ. ಆ ಸಲ ಸೇಂಟ್ ಥಾಮಸ್ ದ್ವೀಪ, ಕೆರಿಬಿಯನ್ ಸಮುದ್ರದ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಒಂದು, ಬಂದರಿನ ಊರು ಶಾರ್ಲಟ್ ಅಮಾಲಿ. ಮೊದ್ಲು ಡೆನ್ಮಾರ್ಕಿನೋರ ಕೈಯಲ್ಲಿತ್ತು, 1917ರಲ್ಲಿ ಅಮೆರಿಕದೋರು ಎರಡೂವರೆ ಕೋಟಿ ಡಾಲರ್ ಕೊಟ್ಟು ಪಕ್ಕದ ದ್ವೀಪಗಳ ಸಮೇತ ಕೊಂಡ್ಕೊಂಡ್ರು. ಡಿಸೆಂಬರ್ ತಿಂಗಳು, ಹಡಗು ಹೊರಡೋದು ಐದಕ್ಕೆ, ಎಲ್ರೂ ನಾಲ್ಕೂವರೆಗೆ ಹಡಗಲ್ಲಿರಬೇಕು. ನಾನು ನಾಲ್ಕೂಕಾಲಿಗೇ ಮೇಲೆ ಹೋಗಿ ಹಿಂಭಾಗದ ಮೂಲೆ ಹಿಡಿದೆ. ಹಿಂಭಾಗ ಯಾಕೆ ಅಂದ್ರೆ ಮುಂದುಗಡೆ ಎಲ್ರೂ ನುಗ್ಗಿರ್ತಾರೆ, ಅಲ್ಲಿ ಕಾಣೋದು ಸಮುದ್ರ ಮಾತ್ರ. ದ್ವೀಪ ಇರೋದು ಹಿಂದೆ ತಾನೇ.

ಹೊರಡೋಕೆ ಮುಂಚೆ ಒಂದು ಪುಕ್ಕಟೆ ಮನರಂಜನೆ ಇರುತ್ತೆ, ಲೇಟಾಗಿ ಬರೋರು. ಐದಕ್ಕೆ ಹತ್ತು ನಿಮಿಷ ಇರೋವಾಗ ಧಕ್ಕೆ ಮೇಲೆ, ಅಂದ್ರೆ ಹಡಗು ಕಟ್ಟಿ ನಿಲ್ಸೋ ಕಟ್ಟೆ ಮೇಲೆ, ಎರಡೂ ಕೈಯಲ್ಲಿ ಚೀಲ ಹಿಡ್ಕೊಂಡು ಒಂದು ಜೋಡಿ ಓಡಿ ಬರ್ತಿತ್ತು, ಗಂಡಸಿನ ಚಪ್ಪಲಿ ಒಂದು ಹಿಂದೆ ಬಿತ್ತು, ತಗೊಳ್ಳೋಕೆ ವಾಪಸ್ ಹೋದ, ಮೇಲೆ ನಿಂತಿದ್ದ ಐನೂರು ಜನ ಒಟ್ಟಿಗೆ ಕೂಗಿದ್ದು ಕೇಳಿ ಚಪ್ಪಲಿ ಬಿಟ್ಟು ಓಡಿದ. ಹತ್ತಿದ್ರು ಅನ್ನಿ. ಚಪ್ಪಲಿ ಅಲ್ಲೇ ಉಳೀತು, ಹಡಗು ಸರಿಯೋವರೆಗೂ ನಾನು ಅದನ್ನ ನೋಡ್ತಾನೇ ಇದ್ದೆ.

ಈಗ ಕೆಳಗೆ ನೋಡಿ. ಧಕ್ಕೆ ಮೇಲಿನ ಕಬ್ಬಿಣದ ಗೂಟಕ್ಕೆ ಹಾಕಿರೋ ಹಗ್ಗ ಇದೆಯಲ್ಲ, ತೊಡೆ ಗಾತ್ರ ಇರುತ್ತೆ, ಹಡಗಿನೋರು ಮೊದ್ಲು ಅದನ್ನ ಸಡಿಲ ಬಿಡ್ತಾರೆ, ಕೆಳಗಿರೋ ಇಬ್ರು ಅದರ ಕುಣಿಕೆ ಎತ್ತಿ ಗೂಟದಿಂದ ತೆಗೆದು ಹಾಗೇ ನೀರಿಗೆ ಬಿಡ್ತಾರೆ, ಧಡ್ ಅಂತ ಬೀಳುತ್ತೆ, ಆಮೇಲೆ ಮೇಲಿನ ಮೆಷಿನ್ನು ಅದನ್ನ ಎಳ್ಕೊಳ್ಳುತ್ತೆ, ಹಗ್ಗದಿಂದ ನೀರು ಧಾರೆಯಾಗಿ ಸುರಿಯುತ್ತೆ. ಒಂದೊಂದೇ ಹಗ್ಗ. ಕೊನೇದು ಬಿಟ್ಟಾಗ ಏನೂ ಆಗಲ್ಲ, ಶಬ್ದಾನೂ ಇಲ್ಲ, ಹಡಗು ನಿಂತೇ ಇದೆ ಅನ್ಸುತ್ತೆ. ಧಕ್ಕೆಗೂ ಹಡಗಿಗೂ ಮಧ್ಯ ಗೇಣಗಲ ನೀರು ಕಂಡಾಗ್ಲೇ ಗೊತ್ತಾಗೋದು ಹೊರಟ್ವಿ ಅಂತ. ಗೇಣು ಮೊಳ ಆಗುತ್ತೆ, ಮೊಳ ಮಾರು ಆಗುತ್ತೆ, ಆ ಸಂದಿಯಲ್ಲಿ ತಳದ ಮರಳೆಲ್ಲಾ ಮೇಲೆದ್ದು ನೀರು ಹಾಲು ಕಲಸಿದ ಹಂಗೆ ಕುದಿಯುತ್ತೆ. ಅಷ್ಟು ದೊಡ್ಡ ಹಡಗು ಅಡ್ಡಡ್ಡ ಹೆಂಗೆ ಸರಿಯುತ್ತೆ ಅಂತ ನನಗೆ ಮೊದ್ಲು ಅರ್ಥಾನೇ ಆಗಿರ್ಲಿಲ್ಲ. ಮುಂಭಾಗದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಈ ಕಡೆಯಿಂದ ಆ ಕಡೆಗೆ ಕೊಳವೆ ಕೊರೆದು ಅದರೊಳಗೆ ಫ್ಯಾನ್ ಇಟ್ಟಿರ್ತಾರೆ, ಪಕ್ಕಕ್ಕೆ ನೂಕಕ್ಕೆ. ಎಷ್ಟೋ ಹಡಗುಗಳಲ್ಲಿ ಹಿಂದಿನ ಪ್ರೊಪೆಲ್ಲರ್‌ಗಳೇ ಯಾವ ದಿಕ್ಕಿಗೆ ಬೇಕಾದ್ರೂ ತಿರುಗ್ತವೆ, ಕ್ರೂಸ್ ಹಡಗಿಗೆ ಅಂಥದ್ದು ಮೊದಲ ಸಲ ಬಂದಿದ್ದು 1998ರಲ್ಲಿ. ಅದಕ್ಕೇ ಈಗ ಎಷ್ಟೋ ಕಡೆ ಎಳೆಯೋ ಟಗ್ ಬೋಟೇ ಬೇಡ.

ಹಾರ್ನ್ ಬಗ್ಗೆ ಒಂದು ಮಾತು. ಕಿವಿ ಮುಚ್ಕೋಬೇಡಿ, ಎಣಿಸಿ. ಚಿಕ್ಕದಾಗಿ ಮೂರು ಸಲ ಹೊಡೆದ್ರೆ ನನ್ನ ಎಂಜಿನ್ ಹಿಂದಕ್ಕೆ ಓಡ್ತಿದೆ ಅಂತ, ಒಂದು ಹೊಡೆದ್ರೆ ಬಲಕ್ಕೆ ತಿರುಗ್ತಿದೀನಿ, ಎರಡಾದ್ರೆ ಎಡಕ್ಕೆ. ಜಗತ್ತಿನ ಎಲ್ಲಾ ಸಮುದ್ರಕ್ಕೂ ಇದೇ ಭಾಷೆ. ಮಕ್ಕಳು ಇದ್ರೆ ಹೇಳ್ಕೊಡಿ, ಆಮೇಲೆ ನಿಮ್ಮನ್ನ ಮಾತಾಡಕ್ಕೇ ಬಿಡಲ್ಲ.

ಇಷ್ಟಾಗೋ ಹೊತ್ತಿಗೆ ಊರು ಎದ್ದು ನಿಲ್ಲುತ್ತೆ. ನಿಜವಾಗ್ಲೂ ಎದ್ದು ನಿಲ್ಲುತ್ತೆ. ಬೀದೀಲಿ ಓಡಾಡೋವಾಗ ಅದು ಬರೀ ಏರು, ಮೆಟ್ಟಿಲು, ಏದುಸಿರು. ಹಡಗಿಂದ ನೋಡಿದ್ರೆ ಮೂರು ಗುಡ್ಡ, ಸಾಲಾಗಿ, ತುಂಬಾ ಕೆಂಪು ಛಾವಣಿಗಳು. ಹಳೇ ಕಾಲದ ನಾವಿಕರು ಆ ಮೂರು ಗುಡ್ಡಕ್ಕೆ ಹಾಯಿ ಹಡಗಿನ ಮೂರು ಕಂಬಗಳ ಅಟ್ಟಣಿಗೆಯ ಹೆಸರು ಇಟ್ಟಿದ್ರು, ಫೋರ್‌ಟಾಪ್, ಮೇನ್‌ಟಾಪ್, ಮಿಜ಼ನ್‌ಟಾಪ್ ಅಂತ. ಬೆಳಿಗ್ಗೆ ಅಲ್ಲೇ ಹತ್ತಿ ಇಳಿದಿದ್ದೆ, ಈ ಹೆಸರು ಯಾಕೆ ಅಂತ ತಲೆಗೇ ಹೋಗಿರ್ಲಿಲ್ಲ. ನೀರಿನ ಮೇಲಿಂದ ನೋಡಿದೋರೇ ಇಡೋ ಹೆಸರು ಅದು. ತೀರದಲ್ಲಿ ಕೆಂಪು ಬಣ್ಣದ ಕೋಟೆ ಒಂದಿದೆ, ಡೆನ್ಮಾರ್ಕಿನೋರು 1670ರ ದಶಕದಲ್ಲಿ ಶುರು ಮಾಡಿದ್ದು, ಹತ್ತಿರದಿಂದ ದೊಡ್ಡದಾಗೇ ಇತ್ತು, ಈಗ ಬೆಂಕಿಪೊಟ್ಟಣ.

ಬಲಗಡೆ ಬನ್ನಿ. ಹೊರಗೆ ಹೋಗೋವಾಗ ಬಲಕ್ಕೆ ಹ್ಯಾಸಲ್ ಐಲ್ಯಾಂಡ್, ತುಂಬಾ ಹತ್ತಿರ, ಗಿಡದ ಮಧ್ಯ ಪಾಳುಬಿದ್ದ ಗೋಡೆಗಳು ಬರಿಗಣ್ಣಿಗೇ ಕಾಣ್ತವೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಬ್ರಿಟಿಷರು ಈ ದ್ವೀಪಗಳನ್ನ ಹಿಡ್ಕೊಂಡಿದ್ದಾಗ ಮಾಡಿದ ಕೋಟೆ ಅಲ್ಲಿದೆ, ಆಮೇಲೆ ಸ್ಟೀಮ್ ಹಡಗಿನ ಕಾಲಕ್ಕೆ ಕಲ್ಲಿದ್ದಲು ರಾಶಿ ಹಾಕೋ ಜಾಗ ಆಯ್ತು, ಹಡಗನ್ನ ಹಳಿ ಮೇಲೆ ನೀರಿಂದ ಎಳೆದು ರಿಪೇರಿ ಮಾಡೋ ವ್ಯವಸ್ಥೇನೂ ಇತ್ತು. ಆ ಊರಿನ ಹೆಂಗಸರು ತಲೆ ಮೇಲೆ ಬುಟ್ಟಿ ಹೊತ್ಕೊಂಡು ಹಡಗುಗಳಿಗೆ ಕಲ್ಲಿದ್ದಲು ತುಂಬ್ತಿದ್ರಂತೆ. ಆದ್ರೆ ನನಗೆ ಮಜಾ ಅನ್ಸಿದ್ದು ಇನ್ನೊಂದು ವಿಷಯ, ಹ್ಯಾಸಲ್ ಮೊದ್ಲು ದ್ವೀಪವೇ ಅಲ್ಲ. ಸೇಂಟ್ ಥಾಮಸ್‌ಗೆ ಸಣ್ಣ ಕತ್ತು ತರ ಅಂಟ್ಕೊಂಡಿತ್ತು. ಬಂದರಿನ ನೀರು ಹರಿದಾಡ್ದೆ ಕೊಳೆಯುತ್ತೆ ಅಂತ 1860ರ ದಶಕದಲ್ಲಿ ಡೆನ್ಮಾರ್ಕಿನ ಸರ್ಕಾರ ಆ ಕತ್ತನ್ನ ಕಡಿಸಿ ನೀರಿಗೆ ದಾರಿ ಮಾಡ್ತು. ಅಂದ್ರೆ ನೀವು ನೋಡ್ತಿರೋದು ಮನುಷ್ಯರು ಗುದ್ದಲಿ ಹಿಡಿದು ಮಾಡಿದ ದ್ವೀಪ. ಈ ಮಾತು ನೆನಪಿಟ್ಕೊಳ್ಳಿ, ಇನ್ನೊಂದು ಗಂಟೆಗೆ ಬೇಕಾಗುತ್ತೆ.

ಬಲಗಡೆಗೇ ಯಾಕೆ ಕರೆದೆ ಅಂದ್ರೆ ಗಾಳಿ. ಆ ಸಮುದ್ರದಲ್ಲಿ ವರ್ಷದ ಹೆಚ್ಚು ದಿನ ಪೂರ್ವದ ಕಡೆಯಿಂದಲೇ ಬೀಸೋದು. ದಕ್ಷಿಣಕ್ಕೆ ಹೋಗೋ ಹಡಗಲ್ಲಿ ಎಡಗಡೆ ನಿಂತ್ರೆ ಟೋಪಿ ಹೋಗುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಬಲಗಡೆ ಹಡಗೇ ಗೋಡೆ ಆಗಿ ಅಡ್ಡ ನಿಂತಿರುತ್ತೆ.

ಬಂದರಿನ ಬಾಯಿ ದಾಟಿದ ಮೇಲೆ ಒಂದು ಸಣ್ಣ ಬೋಟು ಓಡಿ ಬಂದು ಹಡಗಿನ ಹೊಟ್ಟೆಗೆ ಅಂಟ್ಕೊಳ್ಳುತ್ತೆ. ಪೈಲಟ್‌ನ ಇಳಿಸ್ಕೊಳ್ಳೋಕೆ. ವಿಮಾನದ ಪೈಲಟ್ ಅಲ್ಲ, ಆ ಬಂದರಿನ ಆಳ, ಬಂಡೆ, ಸೆಳೆತ ಎಲ್ಲಾ ಗೊತ್ತಿರೋ ಅಲ್ಲಿಯದೇ ಮನುಷ್ಯ, ಕ್ಯಾಪ್ಟನ್ ಪಕ್ಕ ನಿಂತು ದಾರಿ ಹೇಳೋನು. ಹಡಗಿನ ಪಕ್ಕೆಯಲ್ಲಿ ಒಂದು ಬಾಗಿಲು ತೆರೆಯುತ್ತೆ, ಹಗ್ಗದ ಏಣಿ ಇಳಿಬಿಟ್ಟಿರ್ತಾರೆ, ಹಡಗು ನಿಲ್ಲಲ್ಲ, ಬೋಟೂ ನಿಲ್ಲಲ್ಲ, ಎರಡೂ ಜೊತೇಲಿ ಓಡ್ತಿರ್ತವೆ, ಬೋಟು ಮಾತ್ರ ಅಲೆಗೆ ಒಂದಾಳು ಎತ್ತರ ಎದ್ದು ಬೀಳ್ತಿರುತ್ತೆ. ಅವತ್ತು ಇಳಿದೋನು ಐವತ್ತು ದಾಟಿದ ಮನುಷ್ಯ, ಏಣಿ ಕೊನೇ ಮೆಟ್ಟಿಲಲ್ಲಿ ನಿಂತು, ಬೋಟು ಒಂದ್ಸಲ ಮೇಲೆ ಬಂತು ಬಿಟ್ಟ, ಎರಡನೇ ಸಲ ಬಂತು ಬಿಟ್ಟ, ಮೂರನೇ ಸಲ ಅದು ಮೇಲೆ ಬಂದು ತುದಿ ಮುಟ್ಟೋವಾಗ ಸುಮ್ನೆ ಬಸ್ಸಿಂದ ಇಳಿಯೋ ಹಂಗೆ ಕಾಲಿಟ್ಟ. ಮೇಲಿಂದ ಚಪ್ಪಾಳೆ. ಅವನು ತಲೆ ಎತ್ತಿಯೂ ನೋಡ್ಲಿಲ್ಲ.

ದ್ವೀಪ ಇನ್ನೂ ಸ್ವಲ್ಪ ಹತ್ತಿರದಲ್ಲಿ ಹೋದ್ರೆ ಚೆನ್ನಾಗಿರ್ತಿತ್ತು ಅಂತ ಪಕ್ಕದೋರು ಯಾರೋ ಅಂದ್ರು. ನನಗೆ ಮೈ ಜುಂ ಅಂತು. 2012ರ ಜನವರಿ 13ನೇ ತಾರೀಖು ಇಟಲಿಯ ಜಿಲಿಯೋ ದ್ವೀಪದ ಪಕ್ಕ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚ್ಕೊಳ್ತು, 32 ಜನ ಹೋದ್ರು. ದ್ವೀಪಕ್ಕೆ ಹತ್ತಿರ ಹೋಗಿ ಒಂದು ಸಲಾಮ್ ಹೊಡೆಯೋಣ ಅಂತ ಹೊರಟಿದ್ದು ಅಷ್ಟೇ. ನೋಟಕ್ಕೆ ದೂರ ಇದ್ರೇನೇ ಒಳ್ಳೇದು ಬಿಡಿ.

ಈಗ ನೀರಿನ ಬಣ್ಣ ನೋಡ್ತಾ ಇರಿ. ತೀರದ ಹತ್ತಿರ ಗಿಳಿಹಸಿರು, ಕೆಳಗೆ ಬಿಳೀ ಮರಳು ಇರೋದ್ರಿಂದ ಬೆಳಕು ವಾಪಸ್ ಬರುತ್ತೆ. ಆಮೇಲೆ ನೀಲಿ. ಸೇಂಟ್ ಥಾಮಸ್‌ನಿಂದ ದಕ್ಷಿಣಕ್ಕೆ ಕೆಲವು ಮೈಲಿ ಹೋದ್ಮೇಲೆ ಸಮುದ್ರದ ತಳ ಮಹಡಿ ಅಂಚಿನ ತರ ಮುಗಿದೋಗುತ್ತೆ, ಆಚೆಗೆ ಆಳ 4,000 ಮೀಟರ್‌ಗೂ ಜಾಸ್ತಿ. ಆವಾಗ ನೀರು ಶಾಯಿ. ಹಡಗಿಗೆ ಹೆದರಿ ಹಾರೋ ಮೀನುಗಳು ಗುಂಪಾಗಿ ಚಿಮ್ಮುತ್ತವೆ, ಇದು ಬೂಬಿ ಅನ್ನೋ ಕಂದು ಹಕ್ಕಿಗಳಿಗೆ ಚೆನ್ನಾಗಿ ಗೊತ್ತು, ಹಡಗಿನ ಜೊತೆಜೊತೆಗೇ ತೇಲ್ಕೊಂಡು ಬಂದು, ಮೀನು ಗಾಳೀಲಿ ಇರೋವಾಗ್ಲೇ ರೆಕ್ಕೆ ಮಡಚಿ ಬೀಳ್ತವೆ. ಒಂದು ಹಕ್ಕಿ ನಾನು ನೋಡಿದಷ್ಟು ಹೊತ್ತು ಐದು ಸಲ ಬಿತ್ತು, ಒಂದೂ ಸಿಗ್ಲಿಲ್ಲ ಪಾಪ.

ಐದೂ ಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗ್ತಾ ಇದ್ದ. ಕೊನೇ ಕ್ಷಣ ಹಸಿರು ಮಿಂಚು ಕಾಣುತ್ತೆ ಅಂತ ಎಲ್ರೂ ಫೋನ್ ಹಿಡಿದು ನಿಂತಿದ್ರು, ಅದು ಸುಳ್ಳಲ್ಲ, ಗಾಳಿಯ ಪದರದಲ್ಲಿ ಬೆಳಕು ಬಾಗಿ ಬಣ್ಣ ಬಿಡಿಸ್ಕೊಂಡು ಕೊನೇ ಅಂಚು ಹಸಿರಾಗುತ್ತೆ, ಆದ್ರೆ ದಿಗಂತದಲ್ಲಿ ಮೋಡ ಇದ್ರೆ ಕತೆ ಮುಗೀತು. ಮೋಡ ಇತ್ತು. ಎಲ್ರೂ ಊಟಕ್ಕೆ ಹೊರಟ್ರು, ಡೆಕ್ ಖಾಲಿ. ನಾನು ಬಂದಿದ್ದು ಇದಕ್ಕೇ.

ಯಾಕಂದ್ರೆ ದ್ವೀಪ ಇನ್ನೂ ಇದೆ. ಸೇಂಟ್ ಥಾಮಸ್‌ನ ಎತ್ತರದ ಗುಡ್ಡ ಕ್ರೌನ್ ಮೌಂಟನ್, 474 ಮೀಟರ್. ನೀವು ನೀರಿಂದ 35 ಮೀಟರ್ ಮೇಲೆ ನಿಂತಿದ್ರೆ ಭೂಮಿ ಗುಂಡಗಿರೋ ಲೆಕ್ಕದಲ್ಲಿ ಅದರ ತುದಿ ಸುಮಾರು ನೂರು ಕಿಲೋಮೀಟರ್ ದೂರದವರೆಗೂ ಕಾಣ್ಬೇಕು, ಹಡಗು 18 ನಾಟ್ ವೇಗದಲ್ಲಿ, ಅಂದ್ರೆ ಗಂಟೆಗೆ 33 ಕಿಲೋಮೀಟರ್ ಹೋದ್ರೆ, ಮೂರು ಗಂಟೆ ದ್ವೀಪ ನಿಮ್ಮ ಜೊತೆಗೇ ಇರುತ್ತೆ, ಕತ್ತಲು ಬಿಡ್ಬೇಕು ಅಷ್ಟೇ. ಬೇಸಿಗೇಲಿ ಇದೂ ಆಗಲ್ಲ, ಸಹಾರಾ ಮರಳುಗಾಡಿನ ಧೂಳು ಅಟ್ಲಾಂಟಿಕ್ ದಾಟಿ ಅಲ್ಲೀತನಕ ಬಂದು ದಿಗಂತ ಮಸುಕು ಮಾಡುತ್ತೆ.

ಅವತ್ತು ಧೂಳಿರ್ಲಿಲ್ಲ. ಹಿಂದೆ ಸೇಂಟ್ ಥಾಮಸ್, ಅದರ ಬಲಕ್ಕೆ ಸೇಂಟ್ ಜಾನ್, ಅದರ ಹಿಂದೆ ಟೊರ್ಟೋಲಾ, 1493ರಲ್ಲಿ ಕೊಲಂಬಸ್ ಇಲ್ಲಿಗೆ ಬಂದಾಗ ಎಣಿಸಿದಷ್ಟೂ ದ್ವೀಪ ಸಿಗ್ತಾ ಹೋಗಿ, ಕ್ರೈಸ್ತರ ಸಂತ ಉರ್ಸುಲಾ ಕತೆಯ ಹನ್ನೊಂದು ಸಾವಿರ ಕನ್ಯೆಯರ ಹೆಸರನ್ನ ಇಟ್ಟ, ವರ್ಜಿನ್ ಅನ್ನೋದು ಅಲ್ಲಿಂದ ಬಂದಿದ್ದು. ಅವನು ಎಣಿಸಿದ್ದು ಹತ್ತಿರ ಬರ್ತಾ. ನಾವು ದೂರ ಹೋಗ್ತಿದ್ವಿ, ನಮಗೆ ಲೆಕ್ಕ ಉಲ್ಟಾ ನಡೀತು. ಮೊದ್ಲು ಎರಡರ ಮಧ್ಯದ ಕಾಲುವೆ ಕಾಣ್ತಿತ್ತು, ಆಮೇಲೆ ಒಂದು ಗೀರು, ಆಮೇಲೆ ಗುಡ್ಡಕ್ಕೆ ಗುಡ್ಡ ಅಂಟ್ಕೊಂಡು ಉತ್ತರಕ್ಕೆಲ್ಲಾ ಒಂದೇ ಬೆಟ್ಟದ ಸಾಲು ಆಗೋಯ್ತು. ಕಣ್ಣಿನ ಭ್ರಮೆ ಅಂತೀರಾ, ಅಲ್ಲ. ಸುಮಾರು 20,000 ವರ್ಷದ ಹಿಂದೆ ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿನಕ್ಕಿಂತ ಹೆಚ್ಚುಕಮ್ಮಿ 120 ಮೀಟರ್ ಕೆಳಗಿತ್ತು, ಆವಾಗ ಈ ಮೂರೂ ಒಂದೇ ನೆಲ, ಪೋರ್ಟೊರಿಕೋ ದ್ವೀಪದವರೆಗೂ ಒಣ ಕಾಲಲ್ಲಿ ನಡೆದುಹೋಗಬಹುದಿತ್ತು. ಹಿಮ ಕರಗಿ ನೀರು ಏರಿ ತಗ್ಗೆಲ್ಲಾ ಮುಳುಗ್ತು, ಗುಡ್ಡದ ತುದಿಗಳು ದ್ವೀಪ ಅನ್ನಿಸ್ಕೊಂಡ್ವು. ಹ್ಯಾಸಲ್‌ಗೆ ಗುದ್ದಲಿ ಮಾಡಿದ ಕೆಲಸವನ್ನ ಉಳಿದವಕ್ಕೆ ನೀರು ಮಾಡಿದೆ. ಸೇಂಟ್ ಜಾನ್‌ನಲ್ಲಿ ಜನ ಕಮ್ಮಿ, ಅರ್ಧಕ್ಕಿಂತ ಜಾಸ್ತಿ ಜಾಗ 1956ರಿಂದ ನ್ಯಾಷನಲ್ ಪಾರ್ಕ್, ಬರೀ ಕಾಡು.

ಪಕ್ಕದಲ್ಲಿ ಇನ್ನೊಬ್ರು ವಯಸ್ಸಾದ ಹೆಂಗಸು ಉಳ್ಕೊಂಡಿದ್ರು, ಶಾಲು ಹೊದ್ಕೊಂಡು. ಇವತ್ತು ನಾವು ಇಳಿದಿದ್ದ ಜಾಗ ಅದರಲ್ಲಿ ಯಾವುದು ಅಂತ ಕೇಳಿದ್ರು. ಬೆಳಿಗ್ಗೆಯಿಂದ ಇಷ್ಟೆಲ್ಲಾ ಓದ್ಕೊಂಡಿದ್ದೋನು ನಾನು, ಜಂಬದಿಂದ ಅದೋ ಆ ಗೂನು ಇದೆಯಲ್ಲ ಅದು ಅಂದೆ. ಅಲ್ಲಪ್ಪ, ಅದರ ಪಕ್ಕದ್ದು ಅಂದ್ರು ಅವರು. ಇಲ್ಲ ಅಮ್ಮ ಅದು ಅಂದೆ. ಸ್ವಲ್ಪ ಹೊತ್ತು ಹಿಂಗೇ ಜಗ್ಗಾಡಿದ್ವಿ. ಅಷ್ಟರಲ್ಲಿ ಕತ್ತಲಾಯ್ತು, ಆ ಕಡೆ ಒಂದೊಂದಾಗಿ ದೀಪ ಹತ್ಕೊಂಡ್ವು, ತುಂಬಾ ಎಡಕ್ಕೆ, ಚಿಕ್ಕಿ ಚೆಲ್ಲಿದ ಹಂಗೆ. ನಾವಿಬ್ರೂ ಕೈ ತೋರಿಸ್ತಿದ್ದ ಜಾಗದಲ್ಲಿ ಒಂದು ದೀಪವೂ ಇರ್ಲಿಲ್ಲ.

ನಮಸ್ಕಾರ.