ಕೊಂಬೆಯೊಳಗಿನ ಸಂಸಾರ

ಗಡಿಯಾರದಲ್ಲಿ ಮಧ್ಯಾಹ್ನ 12.30. ಕ್ಯಾಮೆರಾ ಮಾತ್ರ ಸಂಜೆ ಆಗಿಬಿಟ್ಟಿದೆ ಅಂದುಕೊಂಡಿದೆ. ಬೆಳಕು ಹಿಡಿಯುವ ಸೂಕ್ಷ್ಮತೆಯನ್ನು (ಐಎಸ್‌ಒ) 3200ಕ್ಕೆ ಏರಿಸಿದರೂ ಚಿತ್ರ ಮಬ್ಬು ಮಬ್ಬು. ವಿಡಿಯೊ ಮೇಲೆ ಯಾರೋ ರವೆ ಚೆಲ್ಲಿದ ಹಾಗೆ ಕಾಣುತ್ತಿದ್ದರೆ ಅದಕ್ಕೆ ಇದೇ ಕಾರಣ. ಬೈಕೋಬೇಡಿ.

ಇದು ಅಕ್ಟೋಬರ್ ತಿಂಗಳು, ಪುಷ್ಪಗಿರಿಯ ತಪ್ಪಲು. ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತುವವರು ದಾಟಿ ಹೋಗುವ ಕಾಡು. ‘ದಾಟಿ ಹೋಗುವ’ ಅಂತ ಬೇಕಂತಲೇ ಹೇಳಿದೆ. ಎಲ್ಲರಿಗೂ ತುದಿ ಮುಟ್ಟುವ ಅವಸರ. ನನಗೂ ಅಷ್ಟೇ. ಇಂಬಳ ಕಚ್ಚದೇ ಹೋಗಿದ್ದರೆ ಈ ವಿಡಿಯೊ ಇರುತ್ತಲೇ ಇರಲಿಲ್ಲ. ಒಂದು ಗಂಟೆ ಹತ್ತಿದ ಮೇಲೆ ಶೂ ಬಿಚ್ಚಿ ಇಂಬಳ ಕೀಳೋಣ ಅಂತ ಬಗ್ಗಿದೆ. ಎದ್ದಾಗ ತಲೆಗೆ ಬಡಿದಿದ್ದು ಈ ಕೊಂಬೆ.

ಹತ್ತಿರದಿಂದ ನೋಡಿ. ಕೊಂಬೆ ಪೆನ್ಸಿಲ್‌ನಷ್ಟು ದಪ್ಪ. ಆದರೆ ಎರಡು ಗಿಣ್ಣುಗಳ ನಡುವೆ ಒಂದು ಕಡೆ ಇದ್ದಕ್ಕಿದ್ದ ಹಾಗೆ ಉಬ್ಬಿಕೊಂಡಿದೆ. ಕೆಳಗೆ ಸಣ್ಣ, ಮೇಲೆ ದಪ್ಪ, ಸಣ್ಣ ಗದೆಯ ಹಾಗೆ. ಮೇಲ್ತುದಿಯಲ್ಲಿ ಉಗುರಿನಿಂದ ಗೀರಿದಂಥ ಒಂದು ಸೀಳು. ಅದರ ಮುಂದಿನ ಗಿಣ್ಣಿನಾಚೆಗೂ ಇಂಥದ್ದೇ ಇನ್ನೊಂದು ಉಬ್ಬು. ‘ಪಾಪ, ಮರಕ್ಕೆ ಏನೋ ಕಾಯಿಲೆ’ ಅಂತ ಕ್ಯಾಮೆರಾ ಮುಂದೆ ಎರಡು ನಿಮಿಷ ಭಾಷಣ ಬಿಗಿದಿದ್ದೆ. ಪುಣ್ಯಕ್ಕೆ ಅದನ್ನು ಅಪ್‌ಲೋಡ್ ಮಾಡಲಿಲ್ಲ. ಭಾಷಣದ ನಡುವೆಯೇ ಆ ಸೀಳಿನಿಂದ ಒಂದು ಇರುವೆ ತಲೆ ಹೊರಗೆ ಹಾಕಿ, ಮೀಸೆ ಅಲ್ಲಾಡಿಸಿ, ಮತ್ತೆ ಒಳಗೆ ಹೋಯಿತು. ಯಾರಪ್ಪಾ ಇದು ಗಲಾಟೆ ಅನ್ನೋ ಹಾಗೆ.

ಮರದ ಹೆಸರು ಹಂಬೋಲ್ಟಿಯಾ ಬ್ರೂನೊನಿಸ್. ಪಶ್ಚಿಮ ಘಟ್ಟದ ದಕ್ಷಿಣ ಭಾಗ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಹೆಸರು ಮಾತ್ರ ಪೂರ್ತಿ ಯುರೋಪಿನದು. ಹಂಬೋಲ್ಟಿಯಾ ಅನ್ನುವ ಕುಲಕ್ಕೆ 1794ರಲ್ಲಿ ಸಸ್ಯವಿಜ್ಞಾನಿ ಮಾರ್ಟಿನ್ ವಾಲ್, ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನ ಹೆಸರಿಟ್ಟ. ಹಂಬೋಲ್ಟ್ ಆಗಿನ್ನೂ 25ರ ಹುಡುಗ, ಅವನಿಗೆ ಹೆಸರು ತಂದುಕೊಟ್ಟ ಅಮೆರಿಕ ಪ್ರವಾಸಕ್ಕೆ ಇನ್ನೂ ಐದು ವರ್ಷ ಇತ್ತು. ಭಾರತಕ್ಕೆ ಬರಬೇಕು ಅಂತ ಅವನಿಗೆ ತುಂಬಾ ಆಸೆ ಇತ್ತಂತೆ. ಬರಲು ಆಗಲೇ ಇಲ್ಲ. ಬ್ರೂನೊನಿಸ್ ಅಂದರೆ ‘ಬ್ರೌನನ’ ಅಂತ. ಪರಾಗದೊಳಗಿನ ಸಣ್ಣ ಕಣಗಳು ನೀರಿನಲ್ಲಿ ನಡುಗುವುದನ್ನು 1827ರಲ್ಲಿ ನೋಡಿದ ರಾಬರ್ಟ್ ಬ್ರೌನ್ ಇವನೇ. ಶಾಲೆಯಲ್ಲಿ ಬ್ರೌನಿಯನ್ ಚಲನೆ ಅಂತ ಬಾಯಿಪಾಠ ಮಾಡಿದ್ದೆವು, ನೆನಪಿದೆ ಅಲ್ವಾ? ಇಷ್ಟು ದೊಡ್ಡ ಇಬ್ಬರನ್ನು ಹೊತ್ತುಕೊಂಡ ಮರ ಬೆಳೆಯುವುದು ಹೆಚ್ಚೆಂದರೆ ಹತ್ತು ಮೀಟರ್.

ಇಂಥ ಕಾಡಿನಲ್ಲಿ ಮರಗಳು ಮಹಡಿ ಮಹಡಿಯಾಗಿ ಬದುಕುತ್ತವೆ. ಪುಷ್ಪಗಿರಿಯ ಇನ್ನೊಂದು ಮಗ್ಗುಲಲ್ಲಿ, ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ, ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು 1990ರ ಸುಮಾರಿನಿಂದ ಮರಗಳನ್ನು ಒಂದೊಂದಾಗಿ ಗುರುತು ಹಾಕಿ ಅಳೆಯುತ್ತಾ ಬಂದಿದ್ದಾರೆ. ಅಲ್ಲಿ ಒಂದೊಂದು ಮಹಡಿಗೂ ಒಬ್ಬೊಬ್ಬ ಯಜಮಾನ. ಎಲ್ಲರಿಗಿಂತ ಮೇಲೆ ತಲೆ ಎತ್ತಿದ್ದು ಡಿಪ್ಟೆರೊಕಾರ್ಪಸ್ ಅನ್ನುವ ದೈತ್ಯ ಮರ. ಅದರ ಕೆಳಗೆ ಧೂಪದ ಮರ. ನಡುವಿನಲ್ಲಿ ಕಾಡು ಜಾಯಿಕಾಯಿ. ಎಲ್ಲರ ಕಾಲ ಬುಡದಲ್ಲಿ, ನೆಲ ಮಹಡಿಯಲ್ಲಿ, ನಮ್ಮ ಈ ಹಂಬೋಲ್ಟಿಯಾ. ಅದೂ ಒಂದೋ ಎರಡೋ ಅಲ್ಲ, ಗುಂಪು ಗುಂಪಾಗಿ.

ಮೇಲಿನ ಮೂರು ಮಹಡಿಯವರು ಕುಡಿದು ಬಿಟ್ಟ ಬೆಳಕು ಕೆಳಗೆ ಬರುವ ಹೊತ್ತಿಗೆ ನೂರಕ್ಕೆ ಒಂದೋ ಎರಡೋ ಪಾಲು ಉಳಿದಿರುತ್ತದೆ. ನನ್ನ ಕ್ಯಾಮೆರಾ ಪರದಾಡಿದ್ದು ಅದಕ್ಕೇ. ಆಗೊಮ್ಮೆ ಈಗೊಮ್ಮೆ ಮೇಲೆ ಗಾಳಿ ಬೀಸಿ ಎಲೆ ಸರಿದರೆ ಒಂದು ಬಿಸಿಲ ಚುಕ್ಕೆ ಕೆಳಗೆ ಬೀಳುತ್ತದೆ. ಈ ಎಲೆಯ ಮೇಲೆ ಓಡುತ್ತಿದೆ ನೋಡಿ, ಅದೇ. ನಾಲ್ಕು ಸೆಕೆಂಡು ಇತ್ತು, ಹೋಯಿತು. ನೆಲ ಮಹಡಿಯ ಗಿಡಮರಗಳ ಊಟದಲ್ಲಿ ಇಂಥ ತುತ್ತುಗಳದ್ದೇ ದೊಡ್ಡ ಪಾಲು.

ಎಲೆ ನೋಡಿದರೆ ಹುಣಸೆಯ ನೆಂಟ ಅಂತ ಹೇಳೋಕಾಗಲ್ಲ. ಆದರೆ ನೆಂಟನೇ. ಸೀತಾ ಅಶೋಕಕ್ಕೂ ಹತ್ತಿರದವನು. ಕಿರುಎಲೆಗಳು ಜೋಡಿ ಜೋಡಿಯಾಗಿ ಬರುತ್ತವೆ, ಕೊನೆಯಲ್ಲಿ ಒಂಟಿ ಎಲೆ ಇರುವುದಿಲ್ಲ. ಪ್ರತಿ ಎಲೆಯ ತುದಿ ಉದ್ದಕ್ಕೆ ಎಳೆದ ಹಾಗೆ ಚೂಪು, ಮಳೆನೀರು ನಿಲ್ಲದೆ ಜಾರಿ ಹೋಗಲಿ ಅಂತ. ಗುರುತು ಹಿಡಿಯೋಕೆ ನಾನು ನೋಡುವುದು ಮಾತ್ರ ಎಲೆಯ ಬುಡವನ್ನು. ಅಲ್ಲಿ ಕೊಂಬೆಗೆ ಅಂಟಿಕೊಂಡು ಸಣ್ಣ ಎಲೆಯಂಥ ಕಿವಿಗಳಿವೆ, ಕೆಳಗೆ ಬಾಲದ ಹಾಗೆ ಬಾಗಿವೆ. ಬೇರೆ ಮರಗಳಲ್ಲಿ ಈ ಕಿವಿ ಬೇಗ ಉದುರಿ ಹೋಗುವುದೇ ಜಾಸ್ತಿ. ಇಲ್ಲಿ ಹಾಗೇ ಉಳಿದಿರುತ್ತದೆ.

ಚಿಗುರಂತೂ ಒಂದು ತಮಾಷೆ. ಹೊಸ ಎಲೆಗಳು ನೀರಿಲ್ಲದೆ ಬಾಡಿದ ಹಾಗೆ, ಒಗೆದು ಹಾಕಿದ ಕರ್ಚೀಫಿನ ಹಾಗೆ ತೂಗಾಡುತ್ತವೆ. ಬಣ್ಣವೂ ಹಸಿರಲ್ಲ, ನಸುಗೆಂಪು. ಎಲೆ ಪೂರ್ತಿ ಬೆಳೆದು ಗಟ್ಟಿಯಾಗುವ ತನಕ ಅದಕ್ಕೆ ಹಸಿರು ತುಂಬುವ ಖರ್ಚನ್ನು ಮರ ಮುಂದಕ್ಕೆ ಹಾಕುತ್ತದೆ. ಎಳೆಯದರಲ್ಲೇ ಹುಳ ತಿಂದರೂ ನಷ್ಟ ಕಮ್ಮಿ. ಅಷ್ಟೇ ಅಲ್ಲ, ಎಳೆ ಎಲೆಗಳ ಮೇಲೆ ಸಣ್ಣ ಸಣ್ಣ ಗ್ರಂಥಿಗಳಿವೆ, ಅವುಗಳಿಂದ ಸಿಹಿ ರಸ ಜಿನುಗುತ್ತದೆ. ಹೂವಿನ ಮೊಗ್ಗಿನ ಹೊರಗೂ ಹೀಗೇ. ಇದು ದುಂಬಿಗೆ ಇಟ್ಟ ಮಕರಂದ ಅಲ್ಲ, ಇರುವೆಗಳಿಗೆ ಕೊಡುವ ಕೂಲಿ. ರಸ ಕುಡಿಯಲು ಬಂದ ಇರುವೆ ಎಲೆ ತಿನ್ನುವ ಹುಳವನ್ನು ಕಂಡರೆ ಓಡಿಸುತ್ತದೆ.

ಈಗ ಗೊತ್ತಾಯಿತಲ್ಲ, ಆ ಉಬ್ಬು ಕಾಯಿಲೆ ಅಲ್ಲ, ಮನೆ. ಇರುವೆ ಕೊರೆದಿದ್ದೂ ಅಲ್ಲ. ಮರ ತಾನೇ ಕೊಂಬೆಯನ್ನು ಉಬ್ಬಿಸಿ, ಒಳಗೆ ಟೊಳ್ಳು ಮಾಡಿ, ಬಾಗಿಲನ್ನೂ ತಾನೇ ಸೀಳಿ ಇಡುತ್ತದೆ. ಊಟ ಇದೆ, ಮನೆ ಇದೆ, ಕಾವಲು ಕಾಯಿರಿ ಅನ್ನುವ ವ್ಯವಹಾರ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಆ ಮುರಿದ ಕೊಂಬೆ ಸಿಗುವ ತನಕ.

ಅದು ಮುರಿದು, ತೊಗಟೆಯ ಒಂದು ಎಳೆಯಲ್ಲಿ ನನ್ನ ಎದೆಯೆತ್ತರಕ್ಕೆ ನೇತಾಡುತ್ತಿತ್ತು. ಹೇಗೂ ಮುರಿದಿದೆಯಲ್ಲ ಅಂತ ಒಂದು ಉಬ್ಬನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಇರುವೆ ಒಂದೂ ಇಲ್ಲ. ಕಪ್ಪು ಗೊಬ್ಬರದಂಥ ಕಸ, ಅದರ ನಡುವೆ ಒದ್ದೆ ಒದ್ದೆಯಾಗಿ ಸುರುಳಿ ಸುತ್ತಿಕೊಂಡ ಒಂದು ಎರೆಹುಳ. ಮರದ ಮೇಲೆ ಎರೆಹುಳ! ಯಾರೋ ಚೇಷ್ಟೆಗೆ ತುರುಕಿದ್ದಾರೆ ಅನ್ನಿಸಿತು. ಆಮೇಲೆ ಓದಿದಾಗ ಗೊತ್ತಾಯಿತು, ಈ ಮರದ ಉಬ್ಬುಗಳಲ್ಲಿ ಪೆರಿಯೋನಿಕ್ಸ್ ಅನ್ನುವ ಗುಂಪಿನ ಎರೆಹುಳ ವಾಸ ಮಾಡುವುದು ಮಾಮೂಲು.

ಅಸಲಿಗೆ ಈ ಮರ ಬಾಡಿಗೆದಾರರನ್ನು ಆರಿಸುವುದೇ ಇಲ್ಲ. ಬಾಗಿಲು ತೆರೆದಿದೆ, ಯಾರು ಬೇಕಾದರೂ ಬನ್ನಿ. 10ಕ್ಕೂ ಹೆಚ್ಚು ಜಾತಿಯ ಇರುವೆಗಳು ಇದರಲ್ಲಿ ಸಂಸಾರ ಹೂಡುತ್ತವೆ. ಅವುಗಳಲ್ಲಿ ನಿಯತ್ತಾಗಿ ಕಾವಲು ಕಾಯುವುದು ಬೆರಳೆಣಿಕೆಯಷ್ಟು. ಟೆಕ್ನೊಮೈರ್ಮೆಕ್ಸ್ ಆಲ್ಬಿಪೆಸ್ ಅಂತ ಒಂದು ಪುಟ್ಟ ಕಪ್ಪಿರುವೆ ಇದೆ, ಪಾದ ಮಾತ್ರ ಬಿಳಿಚು. ಕೆಲವು ಕಾಡುಗಳಲ್ಲಿ ಅದು ಒಳ್ಳೆ ಕಾವಲುಗಾರ. ಉಳಿದವರು ರಸ ಕುಡಿದು, ಮನೆಯಲ್ಲಿ ಮಲಗಿ, ಸುಮ್ನೆ ಇರುತ್ತಾರೆ. ಇನ್ನೂ ಕೆಟ್ಟವರಿದ್ದಾರೆ. ಕ್ರೆಮಟೊಗ್ಯಾಸ್ಟರ್ ಗುಂಪಿನ ಒಂದು ಇರುವೆ ಮರದ ಹೂಗಳನ್ನೇ ಹಾಳುಮಾಡುತ್ತದೆ, ಕಾಯಿ ಕಟ್ಟೋಕೇ ಬಿಡುವುದಿಲ್ಲ.

ಹಾಗಾದರೆ ಮರಕ್ಕೆ ಇದರಿಂದ ಗಿಟ್ಟುವುದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೆ ಬೋರ್ಜೆಸ್ ಮತ್ತು ಜೊತೆಗಾರರು ವರ್ಷಾನುಗಟ್ಟಲೆ ಈ ಮರದ ಬೆನ್ನು ಬಿದ್ದಿದ್ದರು. 2014ರಲ್ಲಿ ಅವರು ಪ್ರಕಟಿಸಿದ ಲೆಕ್ಕ ನನಗೆ ಈ ಇಡೀ ಕಥೆಯಲ್ಲೇ ಇಷ್ಟವಾದದ್ದು. ಉಬ್ಬಿನ ಆಸುಪಾಸಿನ ಕೊಂಬೆ ಎಲೆಗಳಲ್ಲಿರುವ ಸಾರಜನಕ ಎಲ್ಲಿಂದ ಬಂತು ಅಂತ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಹಿಡಿದು ಹುಡುಕಿದರು. ಇರುವೆಗಳಿಂದ ಬಂದದ್ದು ಸುಮಾರು ಶೇಕಡ 17. ಎರೆಹುಳದಿಂದ ಸುಮಾರು ಶೇಕಡ 9. ಹಿಕ್ಕೆ, ಹೊರಗಿಂದ ತಂದು ತಿಂದುಬಿಟ್ಟ ಹುಳದ ಚೂರು, ಸತ್ತವರ ಹೆಣ, ಎಲ್ಲ ಮನೆಯೊಳಗೇ ಕೊಳೆಯುತ್ತದೆ. ಮರ ಅದನ್ನು ಒಳಗೋಡೆಯಿಂದ ಹೀರಿಕೊಳ್ಳುತ್ತದೆ. ಕಾವಲು ಕಾಯದ ಸೋಮಾರಿ ಇರುವೆಯೂ ಕೊಡುತ್ತದೆ. ಬಚ್ಚಲು ಉಪಯೋಗಿಸಿದರೆ ಸಾಕು, ಅದೇ ಬಾಡಿಗೆ.

ಜನವರಿ ಕೊನೆಯಲ್ಲಿ ಹೂವಿಗೆ ಅಂತ ಮತ್ತೆ ಬಂದೆ. ಅದೇ ದಾರಿ, ಈ ಸಲ ಇಂಬಳ ಇಲ್ಲ. ಆದರೆ ದೊಡ್ಡ ಎಡವಟ್ಟು. ಕಿವಿ ಸರಿ ಇದೆ, ಎಲೆ ಸರಿ ಇದೆ, ಕೊಂಬೆಯಲ್ಲಿ ಮಾತ್ರ ಒಂದು ಉಬ್ಬೂ ಇಲ್ಲ. ಬೇರೆ ಯಾವುದೋ ಮರದ ಮುಂದೆ ನಿಂತಿದ್ದೇನೆ ಅಂತ ಮುಕ್ಕಾಲು ಗಂಟೆ ಅತ್ತಿತ್ತ ಸುತ್ತಿದೆ. ಆಮೇಲೆ ತಿಳಿಯಿತು, ಎರಡೂ ಒಂದೇ ಜಾತಿಯ ಮರ. ಒಂದೇ ಕಾಡಿನಲ್ಲಿ, ಅಕ್ಕಪಕ್ಕದಲ್ಲೇ, ಕೆಲವು ಮರ ಮನೆ ಕಟ್ಟುತ್ತವೆ, ಕೆಲವು ಕಟ್ಟುವುದಿಲ್ಲ. ಸಿಹಿ ರಸ ಮಾತ್ರ ಎಲ್ಲವೂ ಕೊಡುತ್ತವೆ. ಒಳ್ಳೆ ಕಾವಲುಗಾರ ಇರುವೆ ಇರುವ ಕಡೆ ಮನೆಯಿರುವ ಮರಗಳಿಗೆ ಕಾಯಿ ಜಾಸ್ತಿ ಕಚ್ಚುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಮತ್ತೆ ಮನೆಯಿಲ್ಲದವು ಇನ್ನೂ ಯಾಕೆ ಉಳಿದಿವೆ? ನನ್ನ ಊಹೆ ಇಷ್ಟೇ: ಸೋಮಾರಿಗಳೇ ತುಂಬಿರುವ ಕೇರಿಯಲ್ಲಿ ಮನೆ ಕಟ್ಟದವನೇ ಜಾಣ.

ಹೂವು ಸಿಕ್ಕಿತು. ಎಲೆಯ ಕಂಕುಳಲ್ಲಿ ಗೊಂಚಲು. ಹೊರಗೆ ಗುಲಾಬಿ ಬಣ್ಣದ ಪುಷ್ಪಪಾತ್ರೆ, ಒಳಗೆ ಬಿಳಿ ದಳ, ಅದನ್ನೂ ದಾಟಿ ಉದ್ದಕ್ಕೆ ಚಾಚಿದ ಐದು ಕೇಸರಗಳು. ಆ ಕತ್ತಲಲ್ಲಿ ಹೂವಿನ ಬಿಳಿ ಎಷ್ಟು ಎದ್ದು ಕಾಣುತ್ತದೆ ಅಂದರೆ, ಕ್ಯಾಮೆರಾಗೆ ಮೊದಲ ಸಲ ಫೋಕಸ್ ಸರಿಯಾಗಿ ಸಿಕ್ಕಿತು. ಈಗ ಈ ಕಪ್ಪು ಚುಕ್ಕೆ ನೋಡಿ, ಕೇಸರದ ಮೇಲೆ. ನೊಣ ಅಲ್ಲ, ಜೇನಿನ ಜಾತಿಯ ಒಂದು ಸಣ್ಣ ಹುಳ. ಬ್ರಾನ್ಸಾಪಿಸ್ ಅಂತ ಗುಂಪಿನ ಹೆಸರು. ಇದರ ಗೂಡು ಎಲ್ಲಿ ಗೊತ್ತಾ? ಇದೇ ಮರದ ಖಾಲಿ ಉಬ್ಬುಗಳಲ್ಲಿ. ಒಬ್ಬೊಬ್ಬ ಮರಿಗೂ ಬೇರೆ ಬೇರೆ ಕೋಣೆ ಕಟ್ಟುವ ಗೋಜಿಲ್ಲ, ಎಲ್ಲ ಮರಿಗಳೂ ಒಂದೇ ಕೊಳವೆಯಲ್ಲಿ ಒಟ್ಟಿಗೆ ಬೆಳೆಯುತ್ತವೆ. ದೊಡ್ಡದಾದ ಮೇಲೆ ಹೊರಗೆ ಬಂದು ಅದೇ ಮರದ ಹೂವಿಗೆ ಪರಾಗ ಸಾಗಿಸುತ್ತವೆ. ಇರುವೆಗೆ ಅಂತ ಕಟ್ಟಿದ ಮನೆಯಲ್ಲಿ ಪುರೋಹಿತರು ಬಂದು ಉಳಿದುಕೊಂಡ ಹಾಗಾಯಿತು. ಎರಡು ಗಂಟೆ ಕಾದೆ, ಇದು ಉಬ್ಬಿನೊಳಗೆ ಹೋಗುವುದನ್ನು ಶೂಟ್ ಮಾಡೋಣ ಅಂತ. ಹೋಯಿತು. ಆ ಹೊತ್ತಿಗೆ ಬ್ಯಾಟರಿ ಸತ್ತಿತ್ತು.

ಕೊನೆಯ ಈ ತುಣುಕು ಮೇ ತಿಂಗಳದು. ಬೆಟ್ಟದ ಮೇಲಲ್ಲ, ಕೆಳಗೆ ಕಾಡಂಚಿನ ರಸ್ತೆ ಬದಿ. ಮರದಲ್ಲಿ ಚಪ್ಪಟೆ ಕಾಯಿಗಳು ಒಣಗಿ ನಿಂತಿವೆ. ಇದರ ಬೀಜ ಹೊತ್ತುಕೊಂಡು ಹೋಗಲು ಹಕ್ಕಿ ಬೇಕಿಲ್ಲ, ಮಂಗ ಬೇಕಿಲ್ಲ. ಕಾಯಿ ಒಣಗಿ ಬಿಗಿದುಕೊಂಡು ಒಂದು ಕ್ಷಣ ಫಟ್ ಅಂತ ಸಿಡಿಯುತ್ತದೆ, ಬೀಜ ಒಂದಿಷ್ಟು ದೂರ ಹಾರಿ ಬೀಳುತ್ತದೆ. ತುಂಬಾ ದೂರವೇನಲ್ಲ. ಗುಂಪು ಗುಂಪಾಗಿ ಬೆಳೆದಿರುವುದು ಅದಕ್ಕೇ.

ಇಲ್ಲಿ ಸೌಂಡ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಜೀರುಂಡೆ... ಜೀರುಂಡೆ... ದೂರದಲ್ಲಿ ಒಂದು ಜೀಪು... ಈಗ.

ಕೇಳಿಸಿತಾ? ಬಲಗಡೆ, ತರಗೆಲೆ ಮೇಲೆ ಏನೋ ಬಿದ್ದ ಸದ್ದು. ಹತ್ತು ನಿಮಿಷ ಮಂಡಿಯೂರಿ ಹುಡುಕಿದೆ. ಸಿಗಲಿಲ್ಲ.