ಸೇತುವೆಗೂ ಒಂದು ಸೂರು

ಎಲ್ಲರಿಗೂ ನಮಸ್ಕಾರ. ಗೋಕಾಕದವರ ಮುಂದೆ ನಿಂತು ಸೇತುವೆಯ ಬಗ್ಗೆ ಏನು ಹೊಸದು ಹೇಳಲಿ? ಫಾಲ್ಸ್ ಹತ್ತಿರದ ತೂಗುಸೇತುವೆಯ ಮೇಲೆ ಅಪ್ಪನ ಕೈ ಹಿಡಿದು ನಡೆಯದವರು ಈ ಸಭೆಯಲ್ಲಿ ಯಾರಿದ್ದೀರಿ? ಕಾಲ ಕೆಳಗೆ ಹಲಗೆ, ಹಲಗೆಯ ಸಂದಿಯಲ್ಲಿ ಘಟಪ್ರಭೆಯ ಕೆಂಪು ನೀರು. ಆ ಸಂದಿ ನೋಡುತ್ತಲೇ ಬೆಳೆದವನು ನಾನು. ಇವತ್ತು ಎಂಜಿನಿಯರ್‌ಗಳ ದಿನ. ಆದರೂ ಸಿಮೆಂಟಿನ ಸುದ್ದಿ ಎತ್ತುವುದಿಲ್ಲ. ಮರದ ಸೇತುವೆಗೆ ಮನೆಯ ಹಾಗೆ ಚಾವಣಿ ಹಾಕಿದವರ ಕಥೆ ಹೇಳುತ್ತೇನೆ.

ಅಮೆರಿಕದ ಕನೆಕ್ಟಿಕಟ್ ನದಿಯ ಮೇಲೆ ಕಾರ್ನಿಶ್-ವಿಂಡ್ಸರ್ ಎಂಬ ಸೇತುವೆಯಿದೆ. 1866ರಲ್ಲಿ ಕಟ್ಟಿದ್ದು, ಸುಮಾರು 137 ಮೀಟರ್ ಉದ್ದ. ಎರಡೂ ಬದಿ ಹಲಗೆಯ ಗೋಡೆ, ಮೇಲೆ ಇಳಿಜಾರು ಚಾವಣಿ. ಈಗಲೂ ಅದರೊಳಗೆ ಕಾರು ಓಡಾಡುತ್ತವೆ. ಬಾಗಿಲ ಮೇಲೊಂದು ಬೋರ್ಡು: ಕುದುರೆಯನ್ನು ನಡೆಸಿಕೊಂಡು ಹೋಗಿ, ಇಲ್ಲವಾದರೆ ಎರಡು ಡಾಲರ್ ದಂಡ. ಯಾಕೆ? ಕುದುರೆ ಓಡಿದರೆ ಗೊರಸು ಒಂದೇ ತಾಳದಲ್ಲಿ ಬೀಳುತ್ತದೆ, ಸೇತುವೆ ಅದೇ ತಾಳಕ್ಕೆ ತೂಗತೊಡಗುತ್ತದೆ. ತೂಗುಸೇತುವೆಯ ಮೇಲೆ ಹುಡುಗರು ಬೇಕಂತಲೇ ಕುಣಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ, ಅಲ್ವಾ?

ಚಾವಣಿ ಯಾಕೆ, ದಾಟುವವರು ನೆನೆಯಬಾರದು ಅಂತಲಾ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. ಸೇತುವೆ ನೆನೆಯಬಾರದು ಅಂತ.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ನಮ್ಮಪ್ಪ ಬಡಿಗ. ಊರಲ್ಲಿ ಒಬ್ಬರ ಮನೆಯ ತೊಲೆ ಬಾಗಿತ್ತು. ಅಪ್ಪ ಏಣಿ ಹತ್ತಿ, ಬೆರಳ ಗೆಣ್ಣಿನಿಂದ ತೊಲೆಯ ಉದ್ದಕ್ಕೂ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಗೋಡೆಯ ಹತ್ತಿರ ಸದ್ದು ಮೆತ್ತಗಾಯಿತು. ಅಲ್ಲಿ ಉಳಿ ಊರಿದರು. ಬೆಲ್ಲದ ಪೆಂಟಿಗೆ ಚಾಕು ಇಳಿದ ಹಾಗೆ ಇಳಿಯಿತು. ಮೇಲೆ ನೋಡಿದರೆ ಒಂದೇ ಒಂದು ಹಂಚು ಸರಿದಿತ್ತು! ಗೇಣು ಈಚೆಗೆ ಅದೇ ಉಳಿ ಊರಿದರೆ ಮೊನೆಯೂ ಇಳಿಯಲಿಲ್ಲ. ಮನೆಯ ಯಜಮಾನರು "ಬಾಳ ಹಳೇದಾತೇನ್ರಿ ಬಡಿಗ್ಯಾರ?" ಅಂದರು. ಅಪ್ಪ ಕೆಳಗಿಳಿಯದೇ ಹೇಳಿದರು: "ಕಟ್ಟಿಗಿ ಮುಪ್ಪಾಗಿ ಸಾಯೂದಿಲ್ರಿ, ತೊಯ್ದು ಸಾಯ್ತೈತಿ." ಕೊಳೆತ ತುದಿ ಕೊಯ್ದು ಹೊಸ ತುಂಡು ಕೂಡಿಸಿದರು, ಕೆಳಗೆ ಕಂಬ ಕೊಟ್ಟರು, ಹಂಚನ್ನು ತಾವೇ ಸರಿಸಿದರು. ಆ ತೊಲೆ ಇನ್ನೂ ಇದೆ. ಹೋದ ದೀಪಾವಳಿಗೆ ಮುಟ್ಟಿ ಬಂದೆ.

ಫಿಲಡೆಲ್ಫಿಯಾದಲ್ಲಿ 1805ರಲ್ಲಿ ಟಿಮೊಥಿ ಪಾಮರ್ ಮರದ ಸೇತುವೆ ಕಟ್ಟಿದಾಗ, ಚಾವಣಿ ಹಾಕಲೇಬೇಕು ಎಂದು ಪಟ್ಟು ಹಿಡಿದವರು ರಿಚರ್ಡ್ ಪೀಟರ್ಸ್ ಎಂಬ ನ್ಯಾಯಾಧೀಶರು. ಬಯಲಿಗೆ ಬಿಟ್ಟ ಸೇತುವೆ 10-15 ವರ್ಷಕ್ಕೆ ಕೊಳೆಯುತ್ತಿತ್ತು. ಸೂರಿದ್ದವು ನೂರು ವರ್ಷ ದಾಟಿದವು. ತೊಯ್ದು ಸಾಯ್ತೈತಿ ಅಂದರಲ್ಲ ಅಪ್ಪ, ಅದೇ. ನಮಗೂ ಇದು ಹೊಸದಲ್ಲ. ಜಾತ್ರೆ ಮುಗಿದ ಮೇಲೆ ತೇರನ್ನು ಸುಮ್ನೆ ಬಯಲಲ್ಲಿ ಬಿಡುತ್ತೇವಾ? ತಗಡಿನ ಮನೆಯೊಳಗೆ ನಿಲ್ಲಿಸುತ್ತೇವೆ. ತೇರಿಗೆ ಸಲ್ಲುವುದು ಸೇತುವೆಗೆ, ಹಳೇ ಮನೆಯ ಬಾಗಿಲಿಗೆ ಯಾಕೆ ಸಲ್ಲಬಾರದು? ತುಸು ಕೊಳೆತರೆ ಸಾಕು, ಕಿತ್ತು ಸಿಮೆಂಟು ಹಾಕಿ ಅನ್ನುತ್ತೇವೆ. ನನಗೆ ಸಂಕಟವಾಗುವುದು ಅಲ್ಲಿಯೇ.

ಹೊಳೆಯ ಮುಂದೆ ಸೂರು ನಡೆಯುವುದಿಲ್ಲ, ಒಪ್ಪುತ್ತೇನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಈ ಪೇಟೆಯೊಳಗೇ ಬಂದಿದ್ದಳು. ವರ್ಮಾಂಟ್ ರಾಜ್ಯದ ಬಾರ್ಟನ್ಸ್‌ವಿಲ್ ಎಂಬ ಹಳ್ಳಿಯ 1870ರ ಸೇತುವೆ 2011ರ ಆಗಸ್ಟ್ 28ರಂದು ಚಾವಣಿ ಸಮೇತ ಕೊಚ್ಚಿಹೋಯಿತು. ಅಲ್ಲಿಯವರು ಮತ್ತೆ ಮರದ್ದೇ ಕಟ್ಟಿದರು, ಅದೇ ಹಳೆಯ ಜಾಲರಿಯ ರೀತಿಯಲ್ಲಿ. 2013ರ ಜನವರಿಯಲ್ಲಿ ದಾಟಿದರು.

ಚೀಟಿ ಬಂತು, ಎರಡೇ ನಿಮಿಷವಂತೆ. ಚೀನಾ, ಸ್ವಿಟ್ಜರ್ಲೆಂಡ್ ಸೇತುವೆಗಳನ್ನು ಬಿಡುತ್ತೇನೆ. ಜಾಲರಿಯ ವಿಷಯ ಮಾತ್ರ ಹೇಳಿಬಿಡುತ್ತೇನೆ. 1820ರಲ್ಲಿ ಇಥಿಯೆಲ್ ಟೌನ್ ಅದಕ್ಕೆ ಪೇಟೆಂಟ್ ಪಡೆದರು. ಹಲಗೆಗಳನ್ನು ಓರೆಯಾಗಿ ಹಾಯಿಸಿ, ಕೂಡಿದಲ್ಲೆಲ್ಲ ಮರದ ಗೂಟ ಹೊಡೆಯುವುದು, ಅಷ್ಟೇ. ಬಾಗಿಲ ಹತ್ತಿರದ ಮೇಜಿನ ಮೇಲೆ ಮಾದರಿ ಇಟ್ಟಿದ್ದೇನೆ. ಅಪ್ಪನ ಉಳಿಯಿಂದಲೇ ಮಾಡಿದ್ದು. ಮಕ್ಕಳು ಮೊದಲು ಬರಲಿ. ಎರಡೂ ಕೈಯಿಂದ ಜೋರಾಗಿ ಒತ್ತಿ ನೋಡಲಿ.